ಬಣ್ಣವನ್ನು ಬೇರ್ಪಡಿಸಿ ನೋಡಿದ ಸಿ.ವಿ. ರಾಮನ್

ಫೆಬ್ರವರಿ 28 ಸಮೀಪಿಸುತ್ತಿದ್ದಂತೆ ನಮ್ಮ ಗಡಿಭಾಗದ ಕನ್ನಡ ಶಾಲೆಗಳಲ್ಲಿಯೂ ರಾಷ್ಟ್ರೀಯ ವಿಜ್ಞಾನ ದಿನದ ಸಿದ್ಧತೆ ಆರಂಭವಾಗುತ್ತದೆ. ರಾಮನ್ ಅವರ ಪಟಕ್ಕೆ ಹೂಮಾಲೆ, ಒಂದು ಭಾಷಣ ಸ್ಪರ್ಧೆ, ರಟ್ಟಿನಲ್ಲಿ ಮಾಡಿದ ಜ್ವಾಲಾಮುಖಿ. ಇಷ್ಟರಲ್ಲಿ ದಿನ ಮುಗಿದುಹೋಗುತ್ತದೆ. ಅಂತಹ ಒಂದು ದಿನ ಏಳನೆಯ ತರಗತಿಯ ಬಾಲಕಿಯೊಬ್ಬಳು ತಂದೆಯ ಮೊಬೈಲನ್ನು ತಂದು ನಮ್ಮ ಮುಂದೆ ಹಿಡಿದಳು. ಹಿಂದಿನ ಭಾನುವಾರ ಮನೆಯವರೊಂದಿಗೆ ಹೊಗೇನಕಲ್‌ಗೆ ಹೋಗಿದ್ದಾಗ ತೆಗೆದ ಚಿತ್ರ ಅದು. ಜಲಪಾತದ ತುಂತುರಿನ ನಡುವೆ ಕಾಮನಬಿಲ್ಲು ಮೂಡಿತ್ತು. ಮೊಬೈಲಿಗೆ ನಮ್ಮಂತೆ ಕಣ್ಣಿಲ್ಲ, ಹಾಗಿದ್ದ ಮೇಲೆ ಇದು ಕೆಂಪು, ಇದು ಹಸಿರು ಎಂದು ಅದಕ್ಕೆ ಹೇಗೆ ತಿಳಿಯುತ್ತದೆ ಎಂಬುದು ಅವಳ ಪ್ರಶ್ನೆ. ಕಣ್ಣಿಗೆ ಕಂಡಿದ್ದ ನೇರಳೆ ಅಂಚು ಚಿತ್ರದಲ್ಲಿ ಏಕೆ ಮಂಕಾಗಿದೆ ಎಂಬುದು ಎರಡನೆಯದು.

ಆ ಹೊತ್ತಿಗೆ ನಾವು ಏನೋ ಹೇಳಿ ಜಾರಿಕೊಂಡೆವು. ಸಂಜೆ ಕುಳಿತು ಯೋಚಿಸಿದಾಗ, ಬೆಳಗಿನಿಂದ ಹೂಮಾಲೆ ಹೊತ್ತು ಗೋಡೆಯ ಮೇಲಿದ್ದ ಮನುಷ್ಯನ ಜೀವನವೇ ಆ ಪ್ರಶ್ನೆಯ ಸುತ್ತ ನಡೆದದ್ದು ಎಂದು ಹೊಳೆಯಿತು. ಆದ್ದರಿಂದ ರಾಮನ್ ಅವರ ಬದುಕನ್ನು ಇಲ್ಲಿ ಆ ದಾರಿಯಲ್ಲಿಯೇ ಹೇಳಲು ಹೊರಟಿದ್ದೇವೆ. ಪ್ರಶಸ್ತಿಗಳ ಪಟ್ಟಿ ಬೇಕಾದವರಿಗೆ ಪಠ್ಯಪುಸ್ತಕವಿದೆ.

ಹೊಗೇನಕಲ್‌ನಲ್ಲಿ ಧುಮುಕುವ ಕಾವೇರಿ ಮೆಟ್ಟೂರು ಅಣೆಕಟ್ಟನ್ನು ದಾಟಿ ಕೆಳಗೆ ಹರಿದು ತಿರುಚಿರಾಪಳ್ಳಿಯನ್ನು ಸೇರುತ್ತಾಳೆ. ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು ಅಲ್ಲಿ, 1888ರ ನವೆಂಬರ್ 7ರಂದು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಉಪನ್ಯಾಸಕ ವೃತ್ತಿ ದೊರೆತುದರಿಂದ ತಮಿಳು ಮನೆಯ ಮಗು ತೆಲುಗು ಸೀಮೆಯಲ್ಲಿ ಬೆಳೆಯಿತು. 11ನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ. ಎಂ.ಎ. ಮುಗಿಯುವ ಮೊದಲೇ, 1906ರಲ್ಲಿ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಗ್ಲೆಂಡಿಗೆ ಹೋಗಿ ಓದಲು ದೇಹಸ್ಥಿತಿ ಸಾಲದೆಂದು ವೈದ್ಯರು ತಡೆದರು. ಕೊನೆಗೆ ಹಣಕಾಸು ಇಲಾಖೆಯ ಪರೀಕ್ಷೆ ಬರೆದು, 1907ರಲ್ಲಿ ಲೋಕಸುಂದರಿಯವರನ್ನು ವಿವಾಹವಾಗಿ, ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆ ಹಿಡಿದು ಕಲ್ಕತ್ತೆಗೆ ಹೊರಟರು.

ಹಗಲು ಸರ್ಕಾರದ ಲೆಕ್ಕ. ಮುಂಜಾನೆ ಮತ್ತು ಇರುಳು ಬೌಬಜಾರ್ ಬೀದಿಯಲ್ಲಿದ್ದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯ ಪ್ರಯೋಗಾಲಯ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸ್ಥಾಪಿಸಿದ್ದ ಆ ಸಂಸ್ಥೆ ರಾಮನ್ ಕಾಲಿಡುವ ವೇಳೆಗೆ ಬಹುಮಟ್ಟಿಗೆ ಬರಿದಾಗಿತ್ತು. ಅಲ್ಲಿ ಅವರು ಪಿಟೀಲಿನ ತಂತಿಯನ್ನೂ ಮೃದಂಗ, ತಬಲಾಗಳ ನಾದವನ್ನೂ ಅಳೆಯುತ್ತ ಹಲವು ವರ್ಷ ಕಳೆದರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠ ದೊರೆತಾಗ ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟು ಕಡಿಮೆ ಸಂಬಳದ ಮೇಷ್ಟರ ಕೆಲಸಕ್ಕೆ ಬಂದರು. ಇಂದು ನಮ್ಮ ಊರುಗಳಲ್ಲಿ ಯಾರಾದರೂ ಹೀಗೆ ಮಾಡಿದರೆ ನೆಂಟರಿಷ್ಟರು ಏನೆನ್ನುವರೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಬಣ್ಣದ ಪ್ರಶ್ನೆ ಅವರನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು 1921ರಲ್ಲಿ. ಇಂಗ್ಲೆಂಡಿನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನ ಮುಗಿಸಿ ನರ್ಕುಂಡಾ ಎಂಬ ಹಡಗಿನಲ್ಲಿ ಮರಳುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಕಣ್ಣಿಗೆ ಬಿತ್ತು. ಕಡಲ ನೀಲಿಯೆಂದರೆ ಬಾನಿನ ನೀಲಿಯ ಪ್ರತಿಬಿಂಬ ಎಂದು ದೊಡ್ಡ ವಿಜ್ಞಾನಿಯಾದ ರೇಲಿ ಅವರೇ ಹೇಳಿದ್ದರು. ರಾಮನ್ ಅವರ ಬಳಿ ನಿಕಾಲ್ ಪ್ರಿಸಂ ಎಂಬ ಚಿಕ್ಕ ಸಾಧನವಿತ್ತು. ಅದನ್ನು ತಕ್ಕ ಕೋನದಲ್ಲಿ ಹಿಡಿದು ತಿರುಗಿಸಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕು ಅಡಗುತ್ತದೆ. ಬಾನಿನ ಬಿಂಬ ಅಡಗಿತು. ಕಡಲು ಮಾತ್ರ ನೀಲಿಯಾಗಿಯೇ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ವಿವರಣೆಯನ್ನು ಅವರು ಅಂದು ಮುಂದಿಟ್ಟರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಆ ನೀಲಿಗೆ ದೊಡ್ಡ ಕಾರಣವೆಂಬುದು ಇಂದಿನ ತಿಳಿವಳಿಕೆ. ಆದರೆ ನಮಗೆ ಇಲ್ಲಿ ಮುಖ್ಯವಾದುದು ಅವರ ನಡೆ: ಕಣ್ಣಿಗೆ ಬೆರೆತು ಕಾಣುವ ಎರಡು ಬೆಳಕುಗಳಲ್ಲಿ ಒಂದನ್ನು ತಡೆದು, ಉಳಿದುದೇನು ಎಂದು ನೋಡುವುದು.

ಅದೇ ನಡೆ 1928ರಲ್ಲಿ ಅವರಿಗೆ ಜಗತ್ತಿನ ಕೀರ್ತಿ ತಂದಿತು. ಶಿಷ್ಯರೊಂದಿಗೆ ಏಳು ವರ್ಷಗಳಿಂದ ದ್ರವಗಳಲ್ಲಿ ಬೆಳಕು ಚದುರುವುದನ್ನು ಪರೀಕ್ಷಿಸುತ್ತಿದ್ದರು. 1923ರಲ್ಲಿ ಕೆ.ಆರ್. ರಾಮನಾಥನ್ ಅವರಿಗೆ ಚದುರಿದ ಬೆಳಕಿನಲ್ಲಿ ಇರಬಾರದ ಒಂದು ಮಂದ ಬಣ್ಣ ಕಂಡಿತ್ತು. ದ್ರವದ ಕೊಳೆಯಿರಬಹುದೆಂದು ಶುದ್ಧಗೊಳಿಸಿದಷ್ಟೂ ಅದು ಹೋಗಲಿಲ್ಲ. 1928ರ ಆರಂಭದಲ್ಲಿ ವೆಂಕಟೇಶ್ವರನ್ ಎಂಬ ಇನ್ನೊಬ್ಬ ಶಿಷ್ಯರು ಗ್ಲಿಸರಿನ್‌ನಲ್ಲಿ ಸೂರ್ಯನ ಬೆಳಕು ನೀಲಿಯ ಬದಲು ಹಸಿರಾಗಿ ಚದುರುವುದನ್ನು ಕಂಡರು. ಆಗ ರಾಮನ್, ಕೆ.ಎಸ್. ಕೃಷ್ಣನ್ ಅವರನ್ನು ಜೊತೆಗಿರಿಸಿಕೊಂಡು ಕೆಲಸಕ್ಕೆ ಇಳಿದರು.

ಆ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಏಕೆಂದರೆ ಮೊಬೈಲಿನ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಇದರಲ್ಲಿದೆ. 18 ಸೆಂಟಿಮೀಟರ್ ಅಗಲದ ದೂರದರ್ಶಕ ಮಸೂರದಿಂದ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ, ಇನ್ನೊಂದು ಚಿಕ್ಕ ಮಸೂರದ ಮೂಲಕ ದ್ರವದ ಸೀಸೆಯೊಳಗೆ ಹಾಯಿಸಿದರು. ಸೀಸೆಯಲ್ಲಿ ಬೆಳಕಿನ ಒಂದು ಜಾಡು ಕಾಣುತ್ತದೆ. ಎರಡು ಶೋಧಕಗಳಿದ್ದವು: ಒಂದು ನೀಲಿ-ನೇರಳೆಯನ್ನು ಮಾತ್ರ ಬಿಡುವುದು, ಮತ್ತೊಂದು ಹಳದಿ-ಹಸಿರನ್ನು ಮಾತ್ರ ಬಿಡುವುದು. ಎರಡನ್ನೂ ಸೀಸೆಯ ಮುಂದೆ ಬೆಳಕಿನ ದಾರಿಯಲ್ಲಿಟ್ಟರೆ ಒಂದು ಬಿಟ್ಟದ್ದನ್ನು ಮತ್ತೊಂದು ತಡೆಯುತ್ತದೆ. ಜಾಡು ಪೂರ್ತಿ ಅಳಿಸಿಹೋಗುತ್ತದೆ. ಈಗ ನೀಲಿ ಶೋಧಕವನ್ನು ಅಲ್ಲಿಯೇ ಬಿಟ್ಟು, ಹಳದಿ-ಹಸಿರು ಶೋಧಕವನ್ನು ತೆಗೆದು ಸೀಸೆಗೂ ನೋಡುವವನ ಕಣ್ಣಿಗೂ ನಡುವೆ ಹಿಡಿದರು. ಸೀಸೆಯೊಳಕ್ಕೆ ಹೋಗುತ್ತಿರುವುದು ನೀಲಿ ಮಾತ್ರ. ಅದು ನೀಲಿಯಾಗಿಯೇ ಹೊರಬಂದಿದ್ದರೆ ಎರಡನೆಯ ಶೋಧಕ ಅದನ್ನು ತಡೆದು ಕತ್ತಲಾಗಬೇಕಿತ್ತು. ಆದರೆ ಜಾಡು ಮತ್ತೆ ಕಾಣಿಸಿಕೊಂಡಿತು. ದ್ರವದೊಳಗೆ ಬೆಳಕಿನ ಒಂದು ಸಣ್ಣ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಂಡಿತ್ತು. ಸುಮಾರು 60 ದ್ರವಗಳಲ್ಲಿ ಇದೇ ಕಂಡಿತು.

ಫೆಬ್ರವರಿ 28ರಂದು ಅವರು ಶೋಧಕದ ದಾರಿಯನ್ನು ಬಿಟ್ಟು ರೋಹಿತದರ್ಶಕದ ಮೂಲಕ ನೋಡಿದರು. ಬೆರೆತ ಬೆಳಕನ್ನು ಅದು ಕಾಮನಬಿಲ್ಲಿನಂತೆ ಹರಡಿ, ಒಂದೊಂದು ಬಣ್ಣವನ್ನು ಒಂದೊಂದು ಜಾಗದಲ್ಲಿ ನಿಲ್ಲಿಸುತ್ತದೆ. ಮೂಲ ಬಣ್ಣದ ಪಕ್ಕದಲ್ಲಿ, ನಡುವೆ ಕತ್ತಲೆಯ ತೆರಪನ್ನು ಬಿಟ್ಟು, ಹೊಸ ಬಣ್ಣ ಬೇರೆಯಾಗಿ ನಿಂತಿತ್ತು. ಬಳಿಕ ಪಾದರಸದ ದೀಪವನ್ನು ಬಳಸಿ ಛಾಯಾಫಲಕದ ಮೇಲೆ ಗೆರೆಗಳನ್ನು ಸೆರೆಹಿಡಿದರು. ಫಲಕ ಕಪ್ಪು-ಬಿಳುಪಿನದು, ಬಣ್ಣ ಅದಕ್ಕೆ ತಿಳಿಯದು. ಆದರೆ ಗೆರೆ ಎಲ್ಲಿ ಬಿದ್ದಿದೆ ಎಂಬುದರಿಂದಲೇ ಅದು ಯಾವ ಬಣ್ಣ ಎಂದು ಲೆಕ್ಕ ಹಾಕಬಹುದಾಗಿತ್ತು. ಇದೆಲ್ಲವನ್ನೂ ರಾಮನ್ ವಿಸ್ತಾರವಾಗಿ ವಿವರಿಸಿದ್ದು ನಮ್ಮ ಪಕ್ಕದ ಬೆಂಗಳೂರಿನಲ್ಲಿ, ಅದೇ ವರ್ಷ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈಗ ಬಾಲಕಿಯ ಪ್ರಶ್ನೆಗೆ ಬರೋಣ. ಬಣ್ಣ ತಿಳಿಯದ ಸಾಧನದಿಂದ ಬಣ್ಣವನ್ನು ಹೇಳಿಸಲು ಎರಡು ದಾರಿಗಳಿವೆ: ಬೆಳಕನ್ನು ಸೋಸುವುದು, ಇಲ್ಲವೇ ಹರಡುವುದು. ರಾಮನ್ ಎರಡನ್ನೂ ಒಂದೇ ತಿಂಗಳಲ್ಲಿ ಬಳಸಿದರು. ಮೊಬೈಲು ಮೊದಲನೆಯದನ್ನು ಹಿಡಿದಿದೆ. ಅದರ ಮಸೂರದ ಹಿಂದೆ ಕಿರುಬೆರಳ ಉಗುರಿನಷ್ಟು ಪುಟ್ಟ ಸಿಲಿಕಾನ್ ಬಿಲ್ಲೆಯೊಂದಿದೆ, ಅದೇ ಸಂವೇದಕ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳು ಕೋಟಿಗಟ್ಟಲೆ ಇವೆ. ಬೆಳಕಿನ ಒಂದು ಕಣ ಬಂದು ಹೀರಲ್ಪಟ್ಟರೆ ಅಲ್ಲಿ ಒಂದು ಎಲೆಕ್ಟ್ರಾನ್ ಸಡಿಲಗೊಳ್ಳುತ್ತದೆ. ನೀಲಿಯ ಕಣವಾದರೂ ಒಂದೇ, ಕೆಂಪಿನ ಕಣವಾದರೂ ಒಂದೇ. ಅಂಗಳದಲ್ಲಿಟ್ಟ ಪಾತ್ರೆಗೆ ಎಷ್ಟು ಮಳೆ ಬಿದ್ದಿತೆಂದು ತಿಳಿಯುತ್ತದೆ, ಯಾವ ಮೋಡದಿಂದ ಬಿದ್ದಿತೆಂದು ತಿಳಿಯುವುದಿಲ್ಲ, ಹಾಗೆಯೇ ಇದು. ಬರಿಯ ಸಂವೇದಕ ನೋಡುವ ಜಗತ್ತು ಕಪ್ಪು-ಬಿಳುಪಿನದೇ.

ಆದ್ದರಿಂದ ಪ್ರತಿಯೊಂದು ಕೋಶದ ನೆತ್ತಿಯ ಮೇಲೂ ಒಂದು ಬಣ್ಣದ ಶೋಧಕವನ್ನು ಹೊದಿಸುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬುವರು ಇದರ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ನಾಲ್ಕು ಕೋಶಗಳ ಒಂದು ಚೌಕದಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಹಸಿರಿಗೆ ಎರಡು ಪಾಲು ಏಕೆಂದರೆ ಬೆಳಕು-ನೆರಳಿನ ಸೂಕ್ಷ್ಮವನ್ನು ನಮ್ಮ ಕಣ್ಣು ಹೆಚ್ಚಾಗಿ ರೋಹಿತದ ಹಸಿರು ಭಾಗದಿಂದಲೇ ಗ್ರಹಿಸುತ್ತದೆ. ಹೀಗೆ ಒಂದು ಕೋಶ ಒಂದು ಬಣ್ಣವನ್ನು ಮಾತ್ರ ಅಳೆಯುತ್ತದೆ. ಆ ಜಾಗದ ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಕೋಶಗಳ ಲೆಕ್ಕದಿಂದ ಫೋನಿನ ಗಣಕ ಅಂದಾಜು ಮಾಡಿ ತುಂಬುತ್ತದೆ. ನಿಮ್ಮ ಮನೆಯ ಮದುವೆಯ ಬಣ್ಣದ ಚಿತ್ರದಲ್ಲಿ ಅಳೆದದ್ದು ಮೂರನೆಯ ಒಂದು ಪಾಲು, ಅಂದಾಜು ಮೂರನೆಯ ಎರಡು ಪಾಲು! ಅಂದಾಜು ಕೆಲವೊಮ್ಮೆ ಎಡವುತ್ತದೆ. ಸೇಲಂ ರೇಷ್ಮೆ ಪಂಚೆಯ ಅಂಚಿನ ಒತ್ತೊತ್ತಾದ ಗೆರೆಗಳ ಚಿತ್ರದಲ್ಲಿ ಬಟ್ಟೆಯಲ್ಲಿಲ್ಲದ ಬಣ್ಣದ ಅಲೆಗಳು ಕಾಣಿಸಿಕೊಳ್ಳುವುದುಂಟು. ಅದು ನೇಕಾರರ ತಪ್ಪಲ್ಲ. ನೇರಳೆ ಅಂಚು ಮಂಕಾದುದಕ್ಕೂ ಕಾರಣ ಇದರ ಹತ್ತಿರದ್ದೇ: ಫೋನಿನ ಪರದೆಯಲ್ಲಿರುವುದು ಕೆಂಪು, ಹಸಿರು, ನೀಲಿ ದೀಪಗಳು ಮಾತ್ರ. ಕಾಮನಬಿಲ್ಲಿನ ಶುದ್ಧ ನೇರಳೆಯನ್ನು ಆ ಮೂರರಿಂದ ಪೂರ್ತಿಯಾಗಿ ಕಟ್ಟಲಾಗದು.

ಮೂರು ಶೋಧಕಗಳ ಉಪಾಯ ಬೇಯರ್ ಅವರಿಗಿಂತ ಬಹಳ ಹಳೆಯದು. 1861ರಲ್ಲಿಯೇ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಒಂದು ಬಣ್ಣದ ಪಟ್ಟಿಯ ಚಿತ್ರವನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆಬೇರೆಯಾಗಿ ತೆಗೆಸಿ, ಒಂದರ ಮೇಲೊಂದು ಬೆಳಗಿಸಿ ತೋರಿಸಿದ್ದರು. ನಮ್ಮ ಕಣ್ಣಿನಲ್ಲಿಯೂ ಬಣ್ಣ ಗ್ರಹಿಸುವ ಅಂಗಗಳು ಮೂರೇ ಬಗೆಯವು ಎಂಬ ಸಿದ್ಧಾಂತ ಅದರ ಹಿಂದಿತ್ತು. ಈ ಸಿದ್ಧಾಂತವನ್ನು ಮುಂದೆ ರಾಮನ್ ತಿರಸ್ಕರಿಸಿದರು. ಆ ಕಥೆಯನ್ನು ನಮ್ಮ ಭಾಷಣ ಸ್ಪರ್ಧೆಗಳಲ್ಲಿ ಯಾರೂ ಹೇಳುವುದಿಲ್ಲ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಹುದ್ದೆಗೇರಿದ ಮೊದಲ ಭಾರತೀಯರು ಅವರೇ. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅವರು ಸರಳವಾಗಿ ಹೊಂದಿಕೊಳ್ಳುವ ಮನುಷ್ಯರಾಗಿರಲಿಲ್ಲ. ಆಡಳಿತದ ಜಗಳಗಳಲ್ಲಿ 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಅವರ ಪಟವನ್ನು ತೂಗುಹಾಕುವ ನಾವು ಇದನ್ನೂ ಹೇಳಬೇಕು: ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಸಂಸ್ಥೆಗೆ ಪ್ರವೇಶ ಕೇಳಿದಾಗ ಹೆಣ್ಣೆಂಬ ಕಾರಣಕ್ಕೆ ಅವರು ಮೊದಲು ನಿರಾಕರಿಸಿದರು. ಆಕೆ ಪಟ್ಟುಬಿಡದೆ ಹೋರಾಡಿದ ಮೇಲೆ ಷರತ್ತುಗಳೊಂದಿಗೆ ಸೇರಿಸಿಕೊಂಡರು. ಆಕೆ ತಮ್ಮ ಯೋಗ್ಯತೆಯನ್ನು ತೋರಿಸಿಕೊಟ್ಟರು. ಕೆಲವು ವರ್ಷಗಳ ಬಳಿಕ ಅದೇ ರಾಮನ್ ಅವರ ಪ್ರಯೋಗಾಲಯದಲ್ಲಿ ಅನ್ನಾ ಮಣಿ ವಜ್ರಗಳು ಹೊರಸೂಸುವ ಬೆಳಕನ್ನು ಅಭ್ಯಸಿಸಿದರು. ಒಂದು ಛಾಯಾಫಲಕಕ್ಕೆ ಬೆಳಕು ಉಣಿಸಲು 15ರಿಂದ 20 ಗಂಟೆ ಬೇಕಾಗುತ್ತಿತ್ತು. ಇಂದಿನ ಮಕ್ಕಳು ಕಣ್ಣು ಮಿಟುಕಿಸುವುದರೊಳಗೆ ಹತ್ತು ಚಿತ್ರ ತೆಗೆಯುತ್ತಾರೆ.

1948ರಲ್ಲಿ ತಮ್ಮದೇ ಆದ ರಾಮನ್ ಸಂಶೋಧನಾ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಕಟ್ಟಿಕೊಂಡರು. ಅದಕ್ಕೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ಅಲ್ಲಿನ ಸಂಗ್ರಹಾಲಯದಲ್ಲಿ ಹರಳುಗಳು, ಖನಿಜಗಳು, ಚಿಟ್ಟೆಗಳು; ತೋಟದಲ್ಲಿ ಗುಲಾಬಿಗಳು. 1954ರಲ್ಲಿ ಭಾರತರತ್ನ ಸಂದಿತು. ತಾಯ್ನುಡಿಯಲ್ಲಿ ಕಲಿಸದಿದ್ದರೆ ವಿಜ್ಞಾನ ಕೆಲವೇ ಜನರ ಸೊತ್ತಾಗುತ್ತದೆ ಎಂಬ ಅಭಿಪ್ರಾಯ ಅವರದೆಂದು ವ್ಯಾಪಕವಾಗಿ ಹೇಳುತ್ತಾರೆ. ಅವರ ಸಂಶೋಧನಾ ಲೇಖನಗಳೆಲ್ಲ ಇಂಗ್ಲಿಷಿನಲ್ಲಿವೆ ಎಂಬುದೂ ನಿಜ. ಏಳನೆಯ ತರಗತಿಯ ಪ್ರಶ್ನೆ ನಮ್ಮ ಬಳಿಗೆ ಬಂದದ್ದು ಕನ್ನಡದಲ್ಲಿ. ಕನ್ನಡ ಮಾಧ್ಯಮವನ್ನು ಬಿಡಿಸಿ ಮಕ್ಕಳನ್ನು ಬೇರೆ ಕಡೆ ಸೇರಿಸುವ ಯೋಚನೆಯಲ್ಲಿರುವ ತಂದೆತಾಯಿಯರ ಗಮನಕ್ಕೆ ಇಷ್ಟನ್ನು ಮಾತ್ರ ತರುತ್ತೇವೆ.

ಕೊನೆಯ ಹತ್ತು ವರ್ಷ ರಾಮನ್ ಮತ್ತೆ ಬಣ್ಣದ ಬೆನ್ನುಹತ್ತಿದರು. ಹೂವಿನ ಎಸಳುಗಳ ಬೆಳಕನ್ನು ರೋಹಿತವಾಗಿ ಹರಡಿ ನೋಡಿದರು. ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆ ಎಂಬುದನ್ನು ಕುರಿತು ಬರೆದ ಅವರ ಪುಸ್ತಕ 1968ರಲ್ಲಿ ತಮ್ಮದೇ ಅಕಾಡೆಮಿಯಿಂದ ಹೊರಬಂದಿತು. ರೋಹಿತದಲ್ಲಿ ಅಷ್ಟೊಂದು ಬಗೆಯ ಬಣ್ಣಗಳನ್ನು ನಾವು ಗುರುತಿಸಬಲ್ಲೆವು. ಅವೆಲ್ಲಕ್ಕೂ ಮೂರೇ ಬಗೆಯ ಗ್ರಾಹಕಗಳು ಸಾಕೆಂಬುದನ್ನು ಅವರು ಒಪ್ಪಲಿಲ್ಲ. ಹಳದಿಯನ್ನು ಅವರು ತನ್ನದೇ ಸ್ಥಾನವುಳ್ಳ ಮುಖ್ಯ ಬಣ್ಣವೆಂದು ಎಣಿಸಿದರು. ಆದರೆ ಅಷ್ಟರಲ್ಲಿ, 1964ರಲ್ಲಿ, ಅಮೆರಿಕದ ಪ್ರಯೋಗಾಲಯಗಳಲ್ಲಿ ಅಕ್ಷಿಪಟಲದ ಒಂದೊಂದೇ ಶಂಕುಕೋಶಕ್ಕೆ ಬೆಳಕು ಹಾಯಿಸಿ ಅಳೆದಿದ್ದರು. ಮೂರು ಬಗೆಗಳು ಕಂಡಿದ್ದವು. ಆ ಅಳತೆ ರಾಮನ್ ಅವರ ಮನಸ್ಸನ್ನು ಬದಲಿಸಲಿಲ್ಲ. ಅವರ ದೃಷ್ಟಿ ಸಿದ್ಧಾಂತವನ್ನು ವಿಜ್ಞಾನ ಲೋಕ ಸ್ವೀಕರಿಸಲಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ಸೋಲಿಗೂ ಆ ಗೆಲುವಿಗೂ ಬೇರು ಒಂದೇ: ತನ್ನ ಕಣ್ಣಿನ ಮೇಲಿನ ನೆಚ್ಚಿಕೆ. ರೇಲಿ ಹೇಳಿದರೆಂದು ನಂಬದೆ ಕಡಲನ್ನು ತಾನೇ ನೋಡಿದವರು ಅವರು. 1928ರಲ್ಲಿ ಕಣ್ಣು ಕಂಡುದನ್ನು ಛಾಯಾಫಲಕ ದೃಢಪಡಿಸಿತು. ಆದರೆ ನೋಡುವ ಕಣ್ಣಿನ ಒಳಗೆ ಏನಿದೆ ಎಂಬುದನ್ನು ಅದೇ ಕಣ್ಣಿನಿಂದ ನೋಡಿ ತಿಳಿಯಲು ಸಾಧ್ಯವಿರಲಿಲ್ಲ. ಅದಕ್ಕೆ ಹೊರಗಿನ ಅಳತೆ ಬೇಕಿತ್ತು.

1970ರ ನವೆಂಬರ್ 21ರಂದು ರಾಮನ್ ಬೆಂಗಳೂರಿನಲ್ಲಿ ತೀರಿಕೊಂಡರು. ಕಾವೇರಿಯ ಕೆಳದಂಡೆಯಲ್ಲಿ ಹುಟ್ಟಿದವರು ಬದುಕಿನ ಕೊನೆಯ 37 ವರ್ಷಗಳನ್ನು ಕನ್ನಡ ನೆಲದಲ್ಲಿ ಕಳೆದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ದಹನವಾಯಿತು. ಆ ಸ್ಥಳದಲ್ಲಿ ಸಮಾಧಿ ಕಟ್ಟಲಿಲ್ಲ. ಒಂದು ಮರವನ್ನು ನೆಟ್ಟರು. ಅವರ ಹೆಸರಿನ ರೋಹಿತ ವಿಧಾನದಿಂದ ಇಂದು ರತ್ನಗಳನ್ನೂ ಔಷಧಿಗಳನ್ನೂ ಪರೀಕ್ಷಿಸುತ್ತಾರೆ. ಆ ಯಂತ್ರಗಳಲ್ಲಿರುವುದೂ ಸಿಲಿಕಾನ್ ಸಂವೇದಕವೇ, ಆದರೆ ಅದರ ಮೇಲೆ ಬಣ್ಣದ ಶೋಧಕಗಳಿರುವುದಿಲ್ಲ. ಬೆಳಕನ್ನು ಮೊದಲೇ ಹರಡಿಬಿಡುವುದರಿಂದ ಯಾವ ಕೋಶಕ್ಕೆ ಬಿದ್ದಿತು ಎಂಬುದರಿಂದಲೇ ಬಣ್ಣ ತಿಳಿಯುತ್ತದೆ.

ಆ ವಿಜ್ಞಾನ ದಿನದ ಮರುವಾರ ನಾವು ತರಗತಿಗೆ ಉತ್ತರದೊಂದಿಗೆ ಎರಡು ಪ್ರಯೋಗಗಳನ್ನೂ ಒಯ್ದೆವು. ಮನೆಯಲ್ಲಿ ನೀವೂ ಮಾಡಬಹುದು. ಮೊದಲನೆಯದಕ್ಕೆ ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಬೇಕು. ಬರಿಗಣ್ಣಿಗೆ ಏನೂ ಕಾಣದ ಕಡೆ ಪರದೆಯಲ್ಲಿ ದೀಪವೊಂದು ಮಿನುಗುತ್ತದೆ. ಸಿಲಿಕಾನ್ ಅವಕೆಂಪು ಕಿರಣಗಳನ್ನೂ ಗ್ರಹಿಸುತ್ತದೆ. ಅದನ್ನು ತಡೆಯಲು ಕ್ಯಾಮೆರಾದಲ್ಲಿ ಇನ್ನೊಂದು ಶೋಧಕವಿದ್ದರೂ ಸ್ವಲ್ಪ ನುಸುಳುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದನ್ನು ಪ್ರಯತ್ನಿಸಿ.

ಎರಡನೆಯದಕ್ಕೆ ತಂಗಡಿ ಹೂವಿನ ಚಿತ್ರ ಬೇಕು. ನಮ್ಮ ಧರ್ಮಪುರಿ ಸೀಮೆಯ ಬಯಲಿನಲ್ಲಿ ಅದಕ್ಕೆ ಬರವಿಲ್ಲ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಹಳದಿ ಎಸಳನ್ನು ಪರದೆಯ ತುಂಬ ಹಿಗ್ಗಿಸಿ, ಬೆರಳ ತುದಿಯಿಂದ ಸಾಸಿವೆ ಗಾತ್ರದ ಒಂದು ಹನಿ ನೀರನ್ನು ಅದರ ಮೇಲಿಡಬೇಕು. ಹನಿಯೇ ಮಸೂರವಾಗುತ್ತದೆ. ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದ ಮಕ್ಕಳಿಗೆ ಅಲ್ಲಿ ಕೆಂಪು ಚುಕ್ಕೆಗಳೂ ಹಸಿರು ಚುಕ್ಕೆಗಳೂ ಕಂಡವು. ಹಳದಿ ಚುಕ್ಕೆ ಒಂದೂ ಇರಲಿಲ್ಲ. ಕಾಮನಬಿಲ್ಲಿನ ಚಿತ್ರ ತಂದಿದ್ದ ಬಾಲಕಿ ಹನಿಯನ್ನು ಒರೆಸಿ, ಚಿತ್ರವನ್ನೂ ನಿಜವಾದ ಹೂವನ್ನೂ ಪಕ್ಕಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಹೂವಿನ ಮೇಲೂ ಒಂದು ಹನಿ ಇಟ್ಟು ನೋಡಲೇ ಸಾರ್ ಎಂದು ಕೇಳಿದಳು. ನೋಡು ಎಂದೆವು.